ಟ್ರೆಜರ್, ಲೆಡ್ಜರ್ ಮತ್ತು ಮಳೆಗಾಲದಲ್ಲಿ ಅಳಿಸಿಹೋದ ಎರಡು ಪದಗಳು

2024ರ ಜುಲೈ ಕೊನೆಯಲ್ಲಿ ಉಡುಪಿಯ ನಮ್ಮ ಮನೆಯ ಕಪಾಟನ್ನು ಗಾಳಿಯಾಡಿಸಲೆಂದು ಖಾಲಿ ಮಾಡುತ್ತಿದ್ದಾಗ, ನನ್ನ ಬಿಟ್‌ಕಾಯಿನ್ ವಾಲೆಟ್‌ನ 24 ಸೀಡ್ ಪದಗಳನ್ನು, ಅಂದರೆ ವಾಲೆಟನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ಗುಟ್ಟಿನ ಪದಗಳನ್ನು, ಬರೆದಿಟ್ಟಿದ್ದ ಡೈರಿ ಹಾಳೆಗೆ ಬೂಷ್ಟು ಹಿಡಿದದ್ದು ಕಣ್ಣಿಗೆ ಬಿತ್ತು. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡಿ 11 ಮತ್ತು 17ನೆಯ ಪದಗಳು ಬರೀ ನೀಲಿ ಕಲೆಗಳಾಗಿದ್ದವು. 2022ರ ಡಿಸೆಂಬರ್‌ನಲ್ಲಿ ಕೊಂಡಿದ್ದ ಟ್ರೆಜರ್ ಮಾಡೆಲ್ ಒನ್ ಎಂಬ ಹಾರ್ಡ್‌ವೇರ್ ವಾಲೆಟ್ (ಬಿಟ್‌ಕಾಯಿನ್‌ನ ಕೀಲಿಗಳನ್ನು ಇಂಟರ್ನೆಟ್‌ನಿಂದ ದೂರವಿಡುವ ಪುಟ್ಟ ಸಾಧನ) ಮಾತ್ರ ಚೆನ್ನಾಗಿಯೇ ಇತ್ತು, ಪಿನ್ ಕೊಟ್ಟರೆ ತೆರೆದುಕೊಳ್ಳುತ್ತಿತ್ತು. ಆದರೆ ಆ ಸಾಧನ ಕೆಟ್ಟ ದಿನ ಹಣವನ್ನು ಮರಳಿ ಪಡೆಯಲು ಇದ್ದ ದಾರಿ ಆ ಹಾಳೆಯೊಂದೇ, ಮತ್ತು ಸಾಧನವು ತನ್ನೊಳಗಿನ ಪದಗಳನ್ನು ಎರಡನೆಯ ಬಾರಿ ತೋರಿಸುವುದಿಲ್ಲ.

ಈ ಪದಗಳು 2,048 ಇಂಗ್ಲಿಷ್ ಪದಗಳ ಒಂದು ನಿಗದಿತ ಪಟ್ಟಿಯಿಂದ ಬರುತ್ತವೆ. 24ನೆಯ ಪದದಲ್ಲಿ ತಾಳೆ ನೋಡುವ ಲೆಕ್ಕವೊಂದು ಅಡಗಿರುವುದರಿಂದ, ಒಂದೇ ಪದ ಹೋಗಿದ್ದರೆ ಸುಮಾರು 8 ಸಾಧ್ಯತೆಗಳಷ್ಟೇ ಉಳಿಯುತ್ತಿದ್ದವು. ಎರಡು ಹೋದಾಗ ಅವು 16,000 ದಾಟುತ್ತವೆ. ಕಂಪ್ಯೂಟರಿಗೆ ಇದು ದೊಡ್ಡ ಕೆಲಸವಲ್ಲ, ನಿಜ. ಆದರೆ ಉಳಿದ 22 ಪದಗಳನ್ನು ಇಂಟರ್ನೆಟ್ ಕಂಡ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದಾದರೆ ಹಾರ್ಡ್‌ವೇರ್ ವಾಲೆಟ್ ಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಹಣವನ್ನು ಬೇರೊಂದು ವಾಲೆಟ್‌ಗೆ ಸಾಗಿಸಿ, ಟ್ರೆಜರ್‌ನಲ್ಲಿ ಹೊಸ ಪದಗಳನ್ನು ಹುಟ್ಟಿಸಿಕೊಳ್ಳುವುದೇ ಸರಿಯೆನಿಸಿತು. ಲೆಡ್ಜರ್ ಕಂಪನಿಯ ನ್ಯಾನೋ ಎಸ್ ಪ್ಲಸ್ ಎಂಬ ಇನ್ನೊಂದು ಹಾರ್ಡ್‌ವೇರ್ ವಾಲೆಟ್ ನಮ್ಮ ಮನೆಗೆ ಬಂದದ್ದು ಹೀಗೆ.

ಅದನ್ನು ಆರಿಸುವಾಗ ಮನಸ್ಸು ಹಿಂದೇಟು ಹಾಕಿತ್ತು. 2020ರಲ್ಲಿ ಆ ಫ್ರೆಂಚ್ ಕಂಪನಿಯಿಂದ 2,70,000ಕ್ಕೂ ಹೆಚ್ಚು ಗ್ರಾಹಕರ ಮನೆ ವಿಳಾಸ ಮತ್ತು ಫೋನ್ ಸಂಖ್ಯೆಗಳು ಸೋರಿಹೋಗಿದ್ದವು. 2023ರ ಮೇ ತಿಂಗಳಲ್ಲಿ, ಸೀಡನ್ನು ಗೂಢಲಿಪಿಯಲ್ಲಿ ಮೂರು ಪಾಲು ಮಾಡಿ ಮೂರು ಕಂಪನಿಗಳಲ್ಲಿ ಇರಿಸುವ ಚಂದಾ ಸೇವೆಯನ್ನು ಅದು ಪ್ರಕಟಿಸಿತು. ಬೇಕಾದವರು ಮಾತ್ರ ಬಳಸುವ ಸೇವೆ ಅದು, ಒಪ್ಪುತ್ತೇನೆ. ಆದರೂ ಸಾಧನದೊಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಮನಸ್ಸು ಮಾಡಿದರೆ ಸೀಡ್ ಸಾಧನದಿಂದ ಹೊರಗೆ ಹೋಗಬಲ್ಲದು ಎಂಬುದು ಅಂದು ಅನೇಕರಿಗೆ ಮೊದಲ ಬಾರಿ ತಿಳಿಯಿತು, ನನಗೂ ಅಂದೇ. ಟ್ರೆಜರ್‌ನ ಸಾಫ್ಟ್‌ವೇರ್ ಪೂರ್ತಿ ಬಹಿರಂಗವಾಗಿದೆ, ಬಲ್ಲವರು ಓದಿ ನೋಡಬಹುದು. ಹಾಗೆಂದು ಮಾಡೆಲ್ ಒನ್ ಎಲ್ಲ ರೀತಿಯಲ್ಲೂ ಗಟ್ಟಿಯೆನ್ನುವಂತಿಲ್ಲ. ಅದರಲ್ಲಿ ಗುಟ್ಟುಗಳನ್ನು ಕಾಯಲೆಂದೇ ಇರುವ ಸೆಕ್ಯೂರ್ ಎಲಿಮೆಂಟ್ ಚಿಪ್ ಇಲ್ಲ. ಸಾಧನ ಕೈಗೆ ಸಿಕ್ಕರೆ ಸುಮಾರು 15 ನಿಮಿಷದಲ್ಲಿ ಸೀಡನ್ನು ಹೊರತೆಗೆಯಬಹುದೆಂದು, ಬಿಟ್‌ಕಾಯಿನ್ ಕೊಂಡು ಮಾರುವ ತಾಣವಾದ ಕ್ರಾಕೆನ್ ಎಕ್ಸ್‌ಚೇಂಜ್‌ನ ಭದ್ರತಾ ತಂಡ 2020ರ ಜನವರಿಯಲ್ಲಿ ತೋರಿಸಿಕೊಟ್ಟಿತು. ಆ ಕೊರತೆಯನ್ನು ಕಂಪನಿ 2023ರ ಸೇಫ್ 3 ಮಾದರಿಯಲ್ಲಿ ನೀಗಿಸಿದೆ. ಹಳೆಯದನ್ನೇ ಇಟ್ಟುಕೊಂಡ ನನ್ನಂಥವರಿಗೆ ಪಾಸ್‌ಫ್ರೇಸ್, ಅಂದರೆ ಆ 24 ಪದಗಳ ಜೊತೆಗೆ ನಾವೇ ಆರಿಸಿಕೊಳ್ಳುವ ಇನ್ನೊಂದು ಗುಟ್ಟಿನ ಮಾತು, ಹಾಕುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಎಚ್ಚರವಿರಲಿ, ಪಾಸ್‌ಫ್ರೇಸ್ ತಪ್ಪಾದರೆ ಸಾಧನ ಅದನ್ನು ತಪ್ಪೆಂದು ಹೇಳುವುದಿಲ್ಲ, ಬೇರೊಂದು ಖಾಲಿ ವಾಲೆಟನ್ನು ತೆರೆದು ತೋರಿಸುತ್ತದೆ.

ದಿನಬಳಕೆಯಲ್ಲಿ ಟ್ರೆಜರ್ ನನಗೆ ಹೆಚ್ಚು ಆಪ್ತವಾಗಿದೆ. ಪಿನ್ ಕೊಡುವಾಗ 1ರಿಂದ 9ರವರೆಗಿನ ಅಂಕಿಗಳು ಅದರ ಪುಟ್ಟ ಪರದೆಯಲ್ಲಿ ಪ್ರತಿಸಲವೂ ಹೊಸದಾಗಿ ಕಲಸಿಕೊಂಡು ಮೂಡುತ್ತವೆ, ಕಂಪ್ಯೂಟರಿನಲ್ಲಿ ಒಂಬತ್ತು ಖಾಲಿ ಚೌಕಗಳಷ್ಟೇ ಕಾಣುತ್ತವೆ. ಅಲ್ಲಿ ನೋಡಿ ಇಲ್ಲಿ ಒತ್ತುವ ಆ ನಾಲ್ಕು ಕ್ಷಣಗಳಲ್ಲಿ ಮನಸ್ಸು ತಾನಾಗಿ ನಿಧಾನಕ್ಕೆ ಬರುತ್ತದೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗಿನ ಕಾಫಿಯ ನಂತರ, ಸಂಬಳದಲ್ಲಿ ಉಳಿಸಿದ ಸಣ್ಣ ಮೊತ್ತಕ್ಕೆ ಕೊಂಡ ಬಿಟ್‌ಕಾಯಿನನ್ನು ಎಕ್ಸ್‌ಚೇಂಜ್‌ನಿಂದ ಇದಕ್ಕೆ ಸಾಗಿಸುತ್ತೇನೆ. ಬಿಟ್‌ಕಾಯಿನ್ ಹೋಗಿ ಸೇರಬೇಕಾದ ವಿಳಾಸವನ್ನು ನಕಲು ಮಾಡಿದಾಗ ಗೊತ್ತಾಗದಂತೆ ಬದಲಿಸುವ ದುಷ್ಟ ತಂತ್ರಾಂಶಗಳಿರುವುದರಿಂದ, ಮಗಳು ಲ್ಯಾಪ್‌ಟಾಪ್ ಪರದೆಯಲ್ಲಿನ ಆ ವಿಳಾಸದ 42 ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಓದುತ್ತಾಳೆ, ನಾನು ಸಾಧನದ ಪರದೆಯಲ್ಲಿ ತಾಳೆ ನೋಡುತ್ತೇನೆ. ಎಂಟನೆಯ ತರಗತಿಯ ಹುಡುಗಿ ಇದನ್ನು ಒಂದು ತಿಂಗಳೂ ತಪ್ಪಿಸಿಲ್ಲ.

ಹೊಸ ಪದಗಳನ್ನು ಈ ಬಾರಿ ಕಾಗದಕ್ಕೆ ಒಪ್ಪಿಸಲಿಲ್ಲ. ಪಟ್ಟಿಯಲ್ಲಿರುವ ಯಾವುದೇ ಪದವನ್ನು ಗುರುತಿಸಲು ಮೊದಲ ನಾಲ್ಕು ಅಕ್ಷರಗಳೇ ಸಾಕು. ಪದಗಳು ಬೇರೆಯವರ ಕಣ್ಣಿಗೆ ಬೀಳಬಾರದಾದ್ದರಿಂದ ವರ್ಕ್‌ಶಾಪಿನಲ್ಲಿ ಕೆತ್ತಿಸುವಂತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಅಕ್ಷರದ ಪಂಚ್‌ಗಳನ್ನೂ ಅಂಗೈಯಗಲದ ಎರಡು ಸ್ಟೀಲ್ ತಗಡುಗಳನ್ನೂ ತಂದು, ಸುತ್ತಿಗೆಯಿಂದ ಎರಡು ಸಂಜೆ ನಾನೇ ಹೊಡೆದೆ. ಸಾಲು ಸ್ವಲ್ಪ ಓರೆಯಾಗಿದೆ, ಅಕ್ಷರ ಮಾತ್ರ ಆಳವಾಗಿದೆ. ಕಳೆದ ಮಳೆಗಾಲವಿಡೀ ಒಂದು ತಗಡನ್ನು ಅದೇ ಕಪಾಟಿನಲ್ಲಿಟ್ಟಿದ್ದೆ, ಒರೆಸಿದರೆ ಹೊಳೆಯುತ್ತದೆ.

ತಗಡು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ ಎಂದು ನೋಡಲು, ಸಾಗಿಸಿದ ಹಣ ಮರಳುವ ಮುಂಚೆ ಟ್ರೆಜರನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಿದೆ. ಮಾಡೆಲ್ ಒನ್ ಪದಗಳನ್ನು ಕ್ರಮ ತಪ್ಪಿಸಿ ಕಂಪ್ಯೂಟರಿನಲ್ಲಿ ಕೇಳುವ ವಿಧಾನ ನನಗೆ ಹಿಡಿಸದ್ದರಿಂದ, ಸಾಧನದ ಪರದೆ ನೋಡಿ ಚೌಕಗಳನ್ನಷ್ಟೇ ಒತ್ತುವ ಇನ್ನೊಂದು ವಿಧಾನವನ್ನು ಆರಿಸಿಕೊಂಡೆ. ಲೆಡ್ಜರ್‌ನಲ್ಲಿ ಪದಗಳನ್ನು ಕೊಡುವಾಗ ಪ್ರತಿಯೊಂದು ಅಕ್ಷರವನ್ನೂ ಎರಡೇ ಗುಂಡಿಗಳಿಂದ ಹುಡುಕಬೇಕು, ಹೆಬ್ಬೆರಳು ನೋಯುತ್ತದೆ. ಆದರೆ ಒಂದು ಅಕ್ಷರವೂ ಸಾಧನದ ಹೊರಗೆ ಕಾಣಿಸುವುದಿಲ್ಲ, ಈ ಒಂದು ಕಾರಣಕ್ಕೆ ಅದರ ಬಗೆಗಿನ ನನ್ನ ಮುನಿಸು ಬಹುಮಟ್ಟಿಗೆ ಇಳಿಯಿತು. ಅದರಲ್ಲಿ ಬ್ಯಾಟರಿ ಇಲ್ಲದಿರುವುದೂ ವರ್ಷಗಟ್ಟಲೆ ಕಪಾಟಿನಲ್ಲಿಡುವವರಿಗೆ ಅನುಕೂಲವೇ.

ಎರಡನ್ನೂ ಕೊಳ್ಳುವಷ್ಟು ಹಣವಿಲ್ಲದವರು ಯಾವುದಾದರೂ ಒಂದನ್ನು ಕಂಪನಿಯಿಂದಲೇ ನೇರವಾಗಿ ತರಿಸಿಕೊಂಡು, ಉಳಿದ ಹಣದಲ್ಲಿ ತಗಡು ಮತ್ತು ಪಂಚ್ ಕೊಳ್ಳಲಿ. ನಾನು ಕೊನೆಗೆ ಟ್ರೆಜರ್‌ನಲ್ಲಿ ಹುಟ್ಟಿದ ಪದಗಳನ್ನೂ ಪಾಸ್‌ಫ್ರೇಸನ್ನೂ ತಗಡು ನೋಡಿಕೊಂಡು ಲೆಡ್ಜರ್‌ಗೆ ಕೊಟ್ಟು ನೋಡಿದೆ. ಬೇರೆ ದೇಶದ, ಬೇರೆ ಕಂಪನಿಯ ಆ ಸಾಧನದ ಪರದೆಯಲ್ಲಿ ಮೂಡಿದ ವಿಳಾಸವನ್ನು ಮಗಳು ನಾಲ್ಕು ನಾಲ್ಕಾಗಿ ಓದಿದಳು. ಟ್ರೆಜರ್ ತೋರಿಸಿದ್ದ ವಿಳಾಸದೊಂದಿಗೆ 42 ಅಕ್ಷರಗಳೂ ಕೂಡಿಬಂದವು.