ನಾಲ್ಕು ಮಳೆಗಾಲ ಕಂಡ ಬ್ಲೂಟೂತ್ ಸ್ಪೀಕರ್: ಮನೆಯಲ್ಲೇ ಮರಗೆಲಸ ಮಾಡಿಕೊಳ್ಳುವವರಿಗಾಗಿ

2021ರ ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ, 2,800 ರೂಪಾಯಿ ಕೊಟ್ಟು ಈ ಸ್ಪೀಕರ್ ತಂದೆ. ನೀರಿನ ಬಾಟಲಿಯಷ್ಟು ಗಾತ್ರ, 10 ವ್ಯಾಟ್. ಮೇಲ್ಗಡೆ ಐದು ರಬ್ಬರ್ ಗುಂಡಿ. ಹಿಂದೆ ಒಂದು ರಬ್ಬರ್ ಮುಚ್ಚಳ, ಅದರ ಕೆಳಗೆ ಚಾರ್ಜ್ ಮಾಡುವ ಜಾಗ ಮತ್ತು ಮೆಮೊರಿ ಕಾರ್ಡ್ ತೂರಿಸುವ ಸಂದು. ಎಫ್‌ಎಂ ಕೂಡ ಇದೆ. ಆ ಮಾದರಿ ಈಗ ಅಂಗಡಿಗಳಲ್ಲಿ ಸಿಗುತ್ತಿಲ್ಲವಾದ್ದರಿಂದ ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬಗೆಯವು ಹತ್ತಾರು ಇವೆ, ನಾನು ಹೇಳುವುದು ಅವುಗಳಿಗೂ ಹೊಂದುತ್ತದೆ.

ನನ್ನ ನೌಕರಿ ಕಾರವಾರದಲ್ಲಿ, ಬಾಡಿಗೆ ಮನೆಯಿಂದ ಸಮುದ್ರ ಹತ್ತಿರ. ಹದಿನೈದು ದಿನಕ್ಕೊಮ್ಮೆ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ನಮ್ಮ ಹಳೇ ಮನೆಗೆ ಹೋಗುತ್ತೇನೆ. ಅಲ್ಲಿ ಕೆಲಸಕ್ಕೆ ಕೊನೆಯಿಲ್ಲ. ಮಳೆಗಾಲದಲ್ಲಿ ಉಬ್ಬಿ ಮುಚ್ಚದಾಗುವ ಬಾಗಿಲು, ಗೆದ್ದಲು ಹಿಡಿದ ದಾರಂದ, ಪುಸ್ತಕದ ಕಪಾಟು, ಜಗಲಿಯ ಗೋಡೆಗೆ ಬಣ್ಣ. ಕೂಲಿಯವರು ಸಿಗುವುದು ಕಷ್ಟ ಎಂಬುದು ಒಂದು ಕಾರಣ, ನನಗೆ ಈ ಕೆಲಸ ಇಷ್ಟ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸ್ಪೀಕರ್ ಉಳಿ, ಕೀಸುಳಿಗಳ ಚೀಲದಲ್ಲೇ ಘಟ್ಟ ಹತ್ತಿ ಇಳಿಯುತ್ತದೆ. ಹೀಗಾಗಿ ಅದಕ್ಕೆ ಕಾರವಾರದ ಉಪ್ಪು ಗಾಳಿಯೂ ಗೊತ್ತು, ಘಟ್ಟದ ಮೇಲಿನ ಮಳೆಗಾಲದ ಥಂಡಿಯೂ ಗೊತ್ತು.

ನಾನು ಕೊಳ್ಳುವ ಮೊದಲು ಓದಿದ ವಿಮರ್ಶೆಗಳೆಲ್ಲ ಬಾಸ್ ಎಷ್ಟು ಬಡಿಯುತ್ತದೆ, ಎಷ್ಟು ಜೋರು ಎಂಬುದರ ಮೇಲೆಯೇ ಇದ್ದವು. ಕೆಲಸದ ಜಾಗದಲ್ಲಿ ಇವೆರಡೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನಾಲ್ಕು ವರ್ಷದಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಗುಂಡಿಗಳು. ಕೈಗೆ ಮರಕ್ಕೆ ಹಚ್ಚುವ ಗೇರೆಣ್ಣೆ ಮೆತ್ತಿರುತ್ತದೆ, ಅಂಟು ಹಿಡಿದಿರುತ್ತದೆ, ಸುಣ್ಣ ಹಾರಿರುತ್ತದೆ. ಆಗ ಜೇಬಿನಿಂದ ಫೋನ್ ತೆಗೆದು ಗಾಜಿನ ಮೇಲೆ ಬೆರಳಾಡಿಸಲು ಆಗುವುದಿಲ್ಲ. ಒತ್ತಿದರೆ ಒತ್ತಿದ್ದು ಗೊತ್ತಾಗುವ ಗುಂಡಿಯಾದರೆ ಮೊಣಕೈಯಿಂದಲೂ ನಿಲ್ಲಿಸಬಹುದು. ಮುಟ್ಟಿದರೆ ಸಾಕು ಎನ್ನುವ ನಯವಾದ ಮೇಲ್ಮೈಯ ಸ್ಪೀಕರನ್ನು ಮರಗೆಲಸಕ್ಕೆ ದಯವಿಟ್ಟು ಕೊಳ್ಳಬೇಡಿ.

ಎರಡನೆಯದು ಮೆಮೊರಿ ಕಾರ್ಡ್. ನಮ್ಮೂರಲ್ಲಿ ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಹಾಡನ್ನು ನೆಟ್‌ನಿಂದಲೇ ತರಿಸುವ ಆ್ಯಪ್‌ಗಳು ಅಲ್ಲಿ ನಡೆಯುವುದಿಲ್ಲ. ಬ್ಲೂಟೂತ್ ಹತ್ತು ಮೀಟರ್ ದೂರ ಬರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಬಯಲಿನಲ್ಲಿ ಬರುತ್ತದೆ, ನಿಜ. ಆದರೆ ನಮ್ಮದು ಚಿರೆಕಲ್ಲಿನ ದಪ್ಪ ಗೋಡೆಯ ಮನೆ. ಫೋನ್ ನಡುಮನೆಯಲ್ಲಿ, ಸ್ಪೀಕರ್ ಹಿತ್ತಿಲಲ್ಲಿ ಇದ್ದರೆ ಹಾಡು ತುಂಡುತುಂಡಾಗುತ್ತದೆ. ಮಳೆಗಾಲದಲ್ಲಿ ಆ ಕಲ್ಲು ನೀರು ಹೀರಿಕೊಂಡಾಗ ಇನ್ನೂ ಕಷ್ಟ, ಯಾಕೆಂದರೆ ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ತಡೆಯುತ್ತದೆ. ನಮ್ಮ ಮೈ ಕೂಡ ಬಹುಪಾಲು ನೀರೇ ಅಲ್ಲವೇ, ಫೋನನ್ನು ಹಿಂದಿನ ಜೇಬಿನಲ್ಲಿಟ್ಟು ಸ್ಪೀಕರಿಗೆ ಮುಖ ಮಾಡಿ ನಿಂತರೂ ಕೆಲವೊಮ್ಮೆ ಹಾಡು ಕಡಿಯುವುದು ಅದಕ್ಕೇ. ಕಾರ್ಡ್ ಹಾಕಿದರೆ ಈ ತಾಪತ್ರಯ ಯಾವುದೂ ಇಲ್ಲ. ನನ್ನದು 32 ಜಿಬಿಯ ಕಾರ್ಡ್. ಫೈಲುಗಳನ್ನು ಯಾವ ಅನುಕ್ರಮದಲ್ಲಿ ಕಾಪಿ ಮಾಡಿದೆವೋ ಅದೇ ಅನುಕ್ರಮದಲ್ಲಿ ಇದು ಹಾಡುತ್ತದೆ, ಹೆಸರು ನೋಡುವುದಿಲ್ಲ. ಇದು ತಿಳಿಯದೆ ಒಂದು ಯಕ್ಷಗಾನ ಪ್ರಸಂಗದ ಕೊನೆಯ ಭಾಗವನ್ನು ಮೊದಲು ಕೇಳಿದ್ದೇನೆ.

ಧ್ವನಿಯ ಬಗ್ಗೆ. ನಾನು ಕೇಳುವುದು ಮೂರೇ ಬಗೆ: ಬಡಗುತಿಟ್ಟಿನ ಯಕ್ಷಗಾನ ಪದ್ಯ, ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ), ಹಿಂದೂಸ್ತಾನಿ ಗಾಯನ. ಭಾಗವತರ ಕಂಠ, ಅರ್ಥಧಾರಿಗಳ ಮಾತು ಇದರಲ್ಲಿ ಸ್ಪಷ್ಟ. ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರ ಹಳೆಯ ಧ್ವನಿಮುದ್ರಣಗಳಲ್ಲಿ ಅವರ ದನಿಯ ಭಾರ ಪೂರ್ತಿ ಬರುವುದಿಲ್ಲ, ಆದರೆ ಸಾಹಿತ್ಯದ ಒಂದಕ್ಷರವೂ ತಪ್ಪುವುದಿಲ್ಲ. ಸೋಲುವುದು ಮದ್ದಳೆಯಲ್ಲಿ. ಚಂಡೆ ಮೊನಚಾಗಿ ಕಿವಿಗೆ ನಾಟುತ್ತದೆ, ಮದ್ದಳೆಯ ತುಂಬು ನಾದ ತೆಳ್ಳಗಾಗುತ್ತದೆ. ಇಷ್ಟು ಚಿಕ್ಕ ಪೆಟ್ಟಿಗೆಯಿಂದ ಕೆಳಸ್ತರದ ನಾದ ಹೊರಡಿಸುವುದು ಸುಲಭವಲ್ಲ. ಮೊದಲ ದಿನ ಆಯಿ ಜಗಲಿಯಲ್ಲಿ ಕೂತು ಕೇಳಿ, "ತಮಾ, ಚಂಡೆ ಒಂದೇ ಕೇಳ್ತು, ಮದ್ದಳೆ ಕೇಳ್ತಿಲ್ಲೆ" ಅಂದಳು. ಸ್ಪೀಕರನ್ನು ತೆಗೆದು ಎರಡು ಗೋಡೆ ಸೇರುವ ಮೂಲೆಯಲ್ಲಿ, ಹಲಸಿನ ಪೆಟ್ಟಿಗೆಯ ಮೇಲೆ ಇಟ್ಟೆ. ಗೋಡೆಗಳು ಕೆಳಸ್ತರವನ್ನು ಮುಂದಕ್ಕೆ ತಳ್ಳುತ್ತವೆ, ಮದ್ದಳೆ ತಕ್ಕಮಟ್ಟಿಗೆ ಬಂತು. ಅಂದಿನಿಂದ ಅದರ ಜಾಗ ಅದೇ. ಕೆಲಸದ ಮೇಜಿನ ಮೇಲೆ ಮಾತ್ರ ಇಡಬೇಡಿ. ಸುತ್ತಿಗೆಯ ಏಟಿಗೆ ಸ್ಪೀಕರ್ ಜಾರಿ ಬೀಳುತ್ತದೆ, ಹುಡಿಯೂ ಅಲ್ಲೇ ಹೆಚ್ಚು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಿಶನ್ ನಡೆಯುವಾಗ ಹಾಡು ಹಾಕಬಾರದು.

ಮೊದಲ ವರ್ಷ ನಾನು ಹಾಕುತ್ತಿದ್ದೆ. ಕಟ್ಟರ್ ಮಿಶನ್ ಶುರುವಾದ ಕೂಡಲೇ ಪದ್ಯ ಮುಚ್ಚಿಹೋಗುತ್ತಿತ್ತು, ನಾನು ಧ್ವನಿ ಏರಿಸುತ್ತಿದ್ದೆ. ಸಂಜೆಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿಯುತ್ತಿತ್ತು. ಆಮೇಲೆ ಓದಿ ತಿಳಿದೆ: ಗ್ರೈಂಡರ್, ಕಟ್ಟರ್‌ಗಳ ಸದ್ದು 100 ಡೆಸಿಬೆಲ್ ಆಸುಪಾಸು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಸಲಹೆ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ. ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಅದರ ಮೇಲೆ ಹಾಡನ್ನೂ ಕೇಳಿಸಬೇಕೆಂದರೆ ಕಿವಿಗೆ ಎರಡು ಹೊರೆ. ಕಿವಿಯೊಳಗೆ ಇಯರ್‌ಫೋನ್ ತೂರಿಸಿ ಮಿಶನ್ ನಡೆಸುವವರನ್ನು ನೋಡಿದಾಗ ನನಗೆ ಭಯವೇ ಆಗುತ್ತದೆ. ಹಲಗೆಯಲ್ಲಿ ಬ್ಲೇಡ್ ಕಚ್ಚಿಕೊಳ್ಳುವ ಮೊದಲು ಮೋಟಾರಿನ ದನಿ ಕುಗ್ಗುತ್ತದೆ. ಆ ದನಿ ಕೇಳಿಯೇ ಕೈ ಹಿಂದೆಗೆಯಬೇಕು. ಕೇಳಿಸದಿದ್ದರೆ ಮಿಶನ್ ಹಿಂದಕ್ಕೆ ಒದೆಯುತ್ತದೆ. ಇನ್ನು ವೈರಿನ ಇಯರ್‌ಫೋನ್ ಆದರೆ ತಿರುಗುವ ಡ್ರಿಲ್ಲಿಗೆ ಸುತ್ತಿಕೊಳ್ಳುವ ಅಪಾಯ ಬೇರೆ.

ಈಗ ಮಿಶನ್ ಕೆಲಸವನ್ನೆಲ್ಲ ಬೆಳಿಗ್ಗೆಯೇ ಒಟ್ಟಿಗೆ ಮುಗಿಸುತ್ತೇನೆ, ಕಿವಿ ಮುಚ್ಚುವ ಇಯರ್‌ಮಫ್ ಹಾಕಿಕೊಂಡು, ಹಾಡಿಲ್ಲದೆ. ಅದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಆಮೇಲೆ ಚಹಾ. ಆಮೇಲೆ ಕೈಕೆಲಸ, ಅದರ ಜೊತೆಗೆ ಸ್ಪೀಕರ್. ಹೀಗೆ ಮಾಡಹೊರಟ ಮೇಲೆ ಒಂದು ಬದಲಾವಣೆ ಬಂತು, ನಾನು ಎಣಿಸಿರಲಿಲ್ಲ. ಹಾಡು ನಿಲ್ಲಿಸಲು ಮನಸ್ಸಿಲ್ಲದೆ, ಮಿಶನ್ನಿನಲ್ಲಿ ಎರಡು ನಿಮಿಷಕ್ಕೆ ಆಗುವ ಕೆಲಸಕ್ಕೂ ಕೈಗರಗಸ ಹಿಡಿಯತೊಡಗಿದೆ. ಸ್ಯಾಂಡರ್ ಬದಿಗಿಟ್ಟು ಕೀಸುಳಿ ಹಿಡಿದೆ. ಉಬ್ಬಿದ ಬಾಗಿಲಿನ ಅಂಚು ಕೆತ್ತಲು ಕೀಸುಳಿಯೇ ಲೇಸು ಎಂದು ಆಗ ಗೊತ್ತಾಯಿತು. ಎರಡೆರಡು ಸಲ ಎಳೆದು, ಮುಚ್ಚಿ ನೋಡಿ, ಮತ್ತೆ ಎಳೆಯಬಹುದು. ಮಳೆಗಾಲದಲ್ಲಿ ಅವಸರಪಟ್ಟು ಮಿಶನ್ನಿನಲ್ಲಿ ಹೆಚ್ಚು ತೆಗೆದುಬಿಟ್ಟರೆ ಬೇಸಿಗೆಯಲ್ಲಿ ಮರ ಒಣಗಿ ಸಂದು ಬೀಳುತ್ತದೆ. ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಹಾಗೆ ಆಗಿತ್ತು.

ಯಾವ ಕೆಲಸಕ್ಕೆ ಯಾವುದು ಕೇಳಬೇಕು ಎಂಬುದಕ್ಕೂ ನನ್ನದೇ ಒಂದು ರೂಢಿ ಬಿದ್ದಿದೆ. ಸ್ಯಾಂಡ್ ಪೇಪರ್ ಉಜ್ಜುವಾಗ ನಿಧಾನ ಗತಿಯ ವಿಲಂಬಿತ ಖಯಾಲ್. 80ರ ಒರಟು ಕಾಗದದಿಂದ 120ಕ್ಕೆ, ಅಲ್ಲಿಂದ ನಯವಾದ 220ಕ್ಕೆ ಹೋಗಬೇಕು, ಮರದ ಎಳೆಯ ಜೊತೆಗೇ ಕೈ ಸಾಗಬೇಕು, ಅವಸರ ಕೂಡದು. ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗ ಮುಗಿಯುವ ಹೊತ್ತಿಗೆ ಹಲಗೆಯ ಒಂದು ಮುಖ ನುಣುಪಾಗಿರುತ್ತದೆ. ವೇಗದ ದ್ರುತ್ ಶುರುವಾದರೆ ಕೈಯೂ ಓಡುತ್ತದೆ, ಒಂದೇ ಕಡೆ ಒತ್ತಿ ಉಜ್ಜಿ ಗುಳಿ ಬೀಳುತ್ತದೆ. ಆಗ ಕೈ ನಿಲ್ಲಿಸಿ ಸುಮ್ಮನೆ ಕೂತು ಕೇಳುತ್ತೇನೆ. ಗೋಡೆಗೆ ಬಣ್ಣ ಹೊಡೆಯುವಾಗ ತಾಳಮದ್ದಳೆ. ರೋಲರ್ ಮೇಲೆ ಕೆಳಗೆ ಹೋಗುತ್ತಿರುತ್ತದೆ, ಮನಸ್ಸು ಕೃಷ್ಣನ ವಾದದ ಹಿಂದೆ ಹೋಗಿರುತ್ತದೆ, ಎರಡಕ್ಕೂ ಜಗಳವಿಲ್ಲ.

ಅಳತೆ ಹಾಕುವಾಗ ಮಾತ್ರ ಏನೂ ಬೇಡ. ಪುಸ್ತಕದ ಕಪಾಟಿಗೆ ಹಲಗೆ ಕೊಯ್ಯುವ ದಿನ ತಾಳಮದ್ದಳೆ ಹಾಕಿದ್ದೆ, ಸಂವಾದ ಬಿಸಿಯೇರಿತ್ತು. ಹಲಗೆ ಬೇಕಿದ್ದದ್ದು 2 ಅಡಿ 8 ಇಂಚು, ಅಂದರೆ 32 ಇಂಚು. ನಾನು ಟೇಪಿನಲ್ಲಿ 28ಕ್ಕೆ ಗುರುತು ಹಾಕಿದೆ, ಒಂದಲ್ಲ, ಮೂರು ಹಲಗೆಗೆ. ಕೊಯ್ದು ಜೋಡಿಸಹೋದಾಗ ನಾಲ್ಕು ಇಂಚು ಕಮ್ಮಿ. ಅದು ನಮ್ಮದೇ ಹಿತ್ತಿಲಿನ ಹಲಸಿನ ಮರ, ಅಪ್ಪಯ್ಯ ಕಡಿಸಿ, ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿಸಿ ಇಟ್ಟಿದ್ದು. ಆ ಹಲಗೆಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಮೂರೂ ಈಗ ದೇವರ ಕೋಣೆಯ ಸಣ್ಣ ಮಾಡ ಆಗಿವೆ. ಅಂದಿನಿಂದ ಪೆನ್ಸಿಲ್ ಕೈಗೆ ಬಂದ ಕೂಡಲೇ ಇನ್ನೊಂದು ಕೈ ಗುಂಡಿಗೆ ಹೋಗುತ್ತದೆ.

ಎಫ್‌ಎಂ ಕಾರವಾರದಲ್ಲಿ ಚೆನ್ನಾಗಿ ಬರುತ್ತದೆ. ಆಕಾಶವಾಣಿ ಕಾರವಾರದ 102.3 ಮೆಗಾಹರ್ಟ್ಸ್ ನಮ್ಮ ಬಾಡಿಗೆ ಮನೆಯಲ್ಲಿ ತೊಂದರೆಯಿಲ್ಲದೆ ಸಿಗುತ್ತದೆ, ಆದರೆ ಚಾರ್ಜಿಂಗ್ ವೈರ್ ಸಿಕ್ಕಿಸಿರಬೇಕು, ಇದಕ್ಕೆ ಅದೇ ಆಂಟೆನಾ. ಘಟ್ಟದ ಮೇಲೆ, ಗುಡ್ಡದ ಮರೆಯಲ್ಲಿರುವ ನಮ್ಮ ಮನೆಗೆ ಅದು ತಲುಪುವುದಿಲ್ಲ. ನನಗೆ ಬೇಸರವಿರುವುದು ಮಧ್ಯಮ ತರಂಗ ಇಲ್ಲವೆಂದು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಕೇಳುತ್ತ ಬೆಳೆದ ಮನೆ ನಮ್ಮದು. ಅಪ್ಪಯ್ಯನ ಹಳೆಯ ಟ್ರಾನ್ಸಿಸ್ಟರ್ ಈಗಲೂ ಅದನ್ನು ಹಿಡಿಯುತ್ತದೆ, ಡ್ರಿಲ್ ಶುರು ಮಾಡಿದರೆ ಮಾತ್ರ ಮೋಟಾರಿನ ಬ್ರಷ್ಷಿನ ಕಿಡಿಗೆ ಚರಚರ ಎನ್ನುತ್ತದೆ. ಈಗಿನ ಯಾವ ಚಿಕ್ಕ ಸ್ಪೀಕರಿನಲ್ಲೂ ಆ ಸೌಲಭ್ಯ ನಾನು ಕಂಡಿಲ್ಲ. ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಬಾಳಿಕೆ. ಡಬ್ಬಿಯ ಮೇಲೆ ಐಪಿ67 ಎಂದಿತ್ತು. 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆ ಪರೀಕ್ಷೆ ಸಿಹಿನೀರಿನದು, ಮುಚ್ಚಳ ಬಿಗಿಯಾಗಿ ಹಾಕಿದಾಗಿನದು. ಎರಡನೇ ವರ್ಷ ಕಾರವಾರದಲ್ಲಿ ಚಾರ್ಜಿಂಗ್ ಪಿನ್ನಿನ ಮೇಲೆ ಹಸಿರು ಕಿಲುಬು ಕಂಡಿತು. ತಪ್ಪು ನನ್ನದೂ ಇತ್ತು: ಒದ್ದೆ ಕೈಯಲ್ಲಿ ಚಾರ್ಜ್ ಹಾಕಿ ತೆಗೆದು ಕೂಡಲೇ ಮುಚ್ಚಳ ಒತ್ತಿಬಿಡುತ್ತಿದ್ದೆ, ಉಪ್ಪಿನ ತೇವ ಒಳಗೇ ಉಳಿಯುತ್ತಿತ್ತು. ಈಗ ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಗಾಳಿಯಾಡಲು ಬಿಟ್ಟು ಮುಚ್ಚುತ್ತೇನೆ. ಧೂಳು ಒಳಗೆ ಹೋಗಿಲ್ಲ, ಆದರೆ ಹಲಸಿನ ಹಳದಿ ಹುಡಿ ಮುಂದಿನ ಜಾಲಿಬಟ್ಟೆಯಲ್ಲಿ ಕೂತು ದನಿ ಮಂಕಾಗುತ್ತದೆ. ಬಣ್ಣದ ಹೊಸ ಬ್ರಷ್ಷಿನಿಂದ ಒಣಗಿದ್ದಾಗಲೇ ಗುಡಿಸಿದರೆ ಹೋಗುತ್ತದೆ. ಬ್ಲೋವರ್ ಹಿಡಿಯಬೇಡಿ, ಒಳಗಿನ ಪರದೆ ಹರಿಯಬಹುದು.

ಬ್ಯಾಟರಿ ಮೊದಲ ವರ್ಷ ನಡು ಧ್ವನಿಯಲ್ಲಿ ಒಂಬತ್ತು ಗಂಟೆ ಬರುತ್ತಿತ್ತು, ಮೂರನೇ ವರ್ಷ ನಾಲ್ಕಕ್ಕೆ ಇಳಿಯಿತು. ಕಂಪನಿಯ ಸೇವಾ ಕೇಂದ್ರದಲ್ಲಿ ಬದಲಾಯಿಸಿ ಕೊಡುವುದಿಲ್ಲ, ಹೊಸದು ಕೊಳ್ಳಿ ಎಂದರು. ನನಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ. ಉಳಿದದ್ದೆಲ್ಲ ಸರಿಯಿರುವ ವಸ್ತುವನ್ನು ಒಂದು ಬ್ಯಾಟರಿಗಾಗಿ ಎಸೆಯಬೇಕೇ? ಶಿರಸಿಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಒಂದು ಚಿಕ್ಕ ಅಂಗಡಿಯಲ್ಲಿ ಬಿಚ್ಚಿ ತೋರಿಸಿದರು: ಒಳಗಿರುವುದು ಎಲ್ಲ ಕಡೆ ಸಿಗುವ 18650 ಅಳತೆಯ ಲಿಥಿಯಂ ಸೆಲ್. 450 ರೂಪಾಯಿಗೆ ಹೊಸದು ಕೂರಿಸಿಕೊಟ್ಟರು. ಈಗ ಮತ್ತೆ ಎಂಟು ಗಂಟೆ ಬರುತ್ತದೆ. ಬಿಚ್ಚಿದ ಮೇಲೆ ನೀರಿನ ತಡೆ ಮೊದಲಿನಷ್ಟು ಇರಲಾರದು ಎಂದು ಅವರೇ ಎಚ್ಚರಿಸಿದ್ದರಿಂದ ಮಳೆಗೆ ಒಡ್ಡುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಡುವುದು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡುವುದು ಇಂಥ ಸೆಲ್ಲಿಗೆ ಆಗುವುದಿಲ್ಲ. ಉಪಯೋಗವಿಲ್ಲದ ದಿನಗಳಲ್ಲಿ ಅರ್ಧ ಚಾರ್ಜಿನಲ್ಲಿ ಇಡಿ.

ಕೊಳ್ಳುವವರು ಇಷ್ಟು ನೋಡಿ: ಒತ್ತುವ ಗುಂಡಿ, ಕಾರ್ಡಿನ ಸಂದು, ಸ್ಕ್ರೂ ಬಿಚ್ಚಿದರೆ ತೆರೆಯುವ ಕವಚ. ಅಂಗಡಿಯಲ್ಲಿ ಸಿನಿಮಾ ಹಾಡು ಹಾಕಿ ತೋರಿಸುತ್ತಾರೆ, ನೀವು ಯಾರಾದರೂ ಮಾತಾಡಿದ್ದನ್ನು ಹಾಕಿಸಿ ಕೇಳಿ. ಸಣ್ಣ ಧ್ವನಿಯಲ್ಲೂ ಮಾತು ಬಿಡಿಸಿ ಕೇಳಿದರೆ ಅದು ಕೆಲಸದ ಜಾಗಕ್ಕೆ ಆಗುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಅಂಕ ಕಳೆದದ್ದು ಬ್ಯಾಟರಿ ಬದಲಾಯಿಸಿ ಕೊಡದಿದ್ದಕ್ಕೆ.

ಸದ್ಯ ಆಯಿಯ ತೂಗುಮಂಚದ ಹಲಗೆ ಬಿಚ್ಚಿ ಇಟ್ಟಿದ್ದೇನೆ. 120ರ ಕಾಗದ ಮುಗಿದಿದೆ, 220 ಬಾಕಿ. ಬಿಸಿಲು ಬಂದ ಮೇಲೆ ಗೇರೆಣ್ಣೆ ಹಚ್ಚಬೇಕು. ಆಯಿ ದಿನಾ ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಬಂದು ಹತ್ತಿರ ಕೂರುತ್ತಾಳೆ. ಇವತ್ತು ಯಾವ ಪ್ರಸಂಗ ಎಂದು ಕೇಳುತ್ತಾಳೆ, ಹಲಗೆ ಎಂದಿಗೆ ಮುಗಿಯುತ್ತದೆ ಎಂದು ಇನ್ನೂ ಒಂದು ಸಲವೂ ಕೇಳಿಲ್ಲ.