ಒಂದು ವಾರ ಪುಣೆ, ಮರುವಾರ ಬೆಂಗಳೂರು: ಬ್ಯಾಗು ಹೊತ್ತು ಟೆನಿಸ್ ನೋಡಿದ ಲೆಕ್ಕ

ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿಲೋಮೀಟರ್. ಪುಣೆ ಸುಮಾರು 430. ರಸ್ತೆಯೂ ಒಂದೇ, ರಾಷ್ಟ್ರೀಯ ಹೆದ್ದಾರಿ 48. ಬೈಪಾಸಿನಲ್ಲಿ ನಿಂತು ಈ ಕಡೆ ಹೋಗೋ ಬಸ್ ಹತ್ತಿದರೆ ಬೆಂಗಳೂರು, ಆ ಕಡೆ ಹೋಗೋದನ್ನು ಹತ್ತಿದರೆ ಪುಣೆ. ನಾವು ಸರಿಯಾಗಿ ನಡುವೆ.

2020ರ ಫೆಬ್ರವರಿಯಲ್ಲಿ ಈ ಎರಡೂ ಊರಿನಲ್ಲಿ ಬೆನ್ನುಬೆನ್ನಿಗೆ ಟೆನಿಸ್ ಟೂರ್ನಿ ಇತ್ತು. 3ರಿಂದ 9ರವರೆಗೆ ಪುಣೆಯಲ್ಲಿ ಮಹಾರಾಷ್ಟ್ರ ಓಪನ್. 10ರಿಂದ 16ರವರೆಗೆ ಬೆಂಗಳೂರು ಓಪನ್. ಗೆಳೆಯರು "ಒಂದಕ್ಕ ಹೋಗಲೇ, ಎರಡೂ ಯಾಕ?" ಅಂದರು. ನನಗೆ ಯಾವುದು ಬಿಡಬೇಕು ಅಂತ ತಿಳಿಯಲಿಲ್ಲ. ಎರಡಕ್ಕೂ ಹೋದೆ. ಶುಕ್ರವಾರ ರಾತ್ರಿ ಹೊರಡೋದು, ಶನಿವಾರ ಸೆಮಿಫೈನಲ್, ಭಾನುವಾರ ಫೈನಲ್, ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದು ಸ್ನಾನ ಮಾಡಿ ಕೆಲಸಕ್ಕೆ. ಎರಡೂ ವಾರ ಇದೇ ಕ್ರಮ, ಅದೇ ಬ್ಯಾಗು. ಹಾಗಾಗಿ ಹೋಲಿಸೋಕೆ ಸುಲಭ.

ಮೊದಲು ಪುಣೆ. ಪುಣೆ ಅಂದರೆ ಸ್ವಾರಗೇಟ್ ಬಸ್ ನಿಲ್ದಾಣ ಅಂತ ತಲೆಯಲ್ಲಿ ಕೂತುಬಿಟ್ಟಿದೆ ನಮಗೆ. ನಾನೂ ಸರ್ಕಾರಿ ಬಸ್ಸಿಗೆ ಸ್ವಾರಗೇಟ್ ಟಿಕೆಟ್ ತೆಗೆಸಿದೆ. ಬೆಳಗಿನ ಜಾವ ಇಳಿದಾಗ ಚಳಿ ಚೆನ್ನಾಗಿಯೇ ಇತ್ತು. ಆಟ ಇದ್ದಿದ್ದು ಬಾಲೇವಾಡಿಯಲ್ಲಿ. ಅದು ಊರಿನ ಇನ್ನೊಂದು ತುದಿ, ಅಲ್ಲಿಂದ ಹದಿನೈದು ಕಿಲೋಮೀಟರಿಗೂ ಜಾಸ್ತಿ. ಆಗ ಪುಣೆಯಲ್ಲಿ ಮೆಟ್ರೋ ಇರಲಿಲ್ಲ, ಶುರುವಾಗಿದ್ದು 2022ರಲ್ಲಿ. ಸಿಟಿ ಬಸ್ಸಿನಲ್ಲಿ ಶಿವಾಜಿನಗರದವರೆಗೆ, ಅಲ್ಲಿಂದ ಆಟೋದಲ್ಲಿ. 240 ರೂಪಾಯಿ ಅಲ್ಲೇ ಕರಗಿತು.

ಸ್ಟೇಡಿಯಂ ಹತ್ತಿರ ಬಂದಾಗ ನಗು ಬಂತು, ಸಿಟ್ಟೂ ಬಂತು. ಪಕ್ಕದಲ್ಲೇ ಹೆದ್ದಾರಿ. ಯಾವ ಹೆದ್ದಾರಿ? ಅದೇ 48! ಮುಂಬೈಗೆ ಹೋಗೋ ಸ್ಲೀಪರ್ ಬಸ್ಸುಗಳು ಊರೊಳಗೆ ಹೋಗದೆ ಬೈಪಾಸ್ ಹಿಡಿದು ಇಲ್ಲೇ ಹಾದು ಹೋಗುತ್ತವೆ. ಹುಬ್ಬಳ್ಳಿಯಲ್ಲಿ ಮುಂಬೈ ಬಸ್ ಹತ್ತಿ 'ಬಾಲೇವಾಡಿ ಸ್ಟೇಡಿಯಂ' ಅಂದಿದ್ದರೆ ಬಾಗಿಲ ಹತ್ತಿರವೇ ಇಳಿಸುತ್ತಿದ್ದರು. ಬಸ್ ಬುಕ್ ಮಾಡೋ ಆ್ಯಪಿನಲ್ಲಿ ಆ ಸ್ಟಾಪಿನ ಹೆಸರೇ ಇದೆ. ನಾನು ನೋಡಿರಲಿಲ್ಲ, ಅಷ್ಟೇ. ವಾಪಸ್ ಬರುವಾಗ ಅಲ್ಲಿಂದಲೇ ಹತ್ತಿದೆ.

ಮಲಗೋಕೆ 'ಕಾಟ್ ಬೇಸಿಸ್' ಹಿಡಿದೆ. ಪುಣೆಯಲ್ಲಿ ಇದು ಮಾಮೂಲಿ. ರೂಮಲ್ಲ, ಮಂಚ ಬಾಡಿಗೆಗೆ. ಒಂದು ಕೋಣೆಯಲ್ಲಿ ಆರು ಕಬ್ಬಿಣದ ಮಂಚ, ತಲೆದೆಸೆಗೆ ಒಂದು ಮೊಳೆ. ಆ ಮೊಳೆಯೇ ಕಪಾಟು. ರಾತ್ರಿಗೆ 250, ಬಕೆಟ್ ಬಿಸಿನೀರಿಗೆ 20. ಹಾಸಿಗೆಯಲ್ಲಿ ತಿಗಣೆ ಇತ್ತು. ಸುಳ್ಳು ಹೇಳಲ್ಲ, ಅರ್ಧ ರಾತ್ರಿ ಕೆರೆದುಕೊಂಡೇ ಕಳೆದೆ.

ಬ್ಯಾಗಿನಲ್ಲಿ ಅವ್ವ ಕಟ್ಟಿದ ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಿಚ್ಚಿ ನೋಡಿದರೆ ಒಂದೂ ರೊಟ್ಟಿ ಉಳಿದಿರಲಿಲ್ಲ. ರಾತ್ರಿಯೆಲ್ಲ ಬ್ಯಾಗನ್ನೇ ದಿಂಬು ಮಾಡಿಕೊಂಡಿದ್ದೆನಲ್ಲ, ಎಲ್ಲ ಚೂರುಚೂರು. ಕೆಳಗೆ ಹೋಗಿ ಮೊಸರು ತಂದೆ. ಡಬ್ಬಿಯಲ್ಲಿ ರೊಟ್ಟಿ ಚೂರು ಹಾಕಿ, ಮೊಸರು ಸುರಿದು, ಮೇಲೆ ಚಟ್ನಿಪುಡಿ. ಹತ್ತು ನಿಮಿಷ ನೆನೆಯಲು ಬಿಟ್ಟರೆ ಸಾಕು. ಪಕ್ಕದ ಮಂಚದ ಹುಡುಗ ಎಂಪಿಎಸ್‌ಸಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತಿದ್ದ, ಸಾಂಗ್ಲಿ ಕಡೆಯವನು. ನೋಡಿ ನೋಡಿ ಕೊನೆಗೆ ಕೇಳಿದ, "ಭಾಕರಿ?" ಅವನಿಗೂ ಒಂದು ಪಾಲು ಹೋಯಿತು. ಬದಲಿಗೆ ಭಾನುವಾರ ಬೆಳಿಗ್ಗೆ ಅವನ ಖರ್ಚಿನಲ್ಲಿ ಮಿಸಳ್ ಪಾವ್. ಎರಡು ದಿನದಲ್ಲಿ ತಿಂದಿದ್ದರಲ್ಲಿ ಅದೇ ಖಾರ, ಅದೇ ರುಚಿ. ಬೇರೆ ಹೊತ್ತಿಗೆ ವಡಾ ಪಾವ್, ಪೋಹೆ, ಚಹಾ. ಊಟಕ್ಕೆ ಒಟ್ಟು 290 ಆಯಿತು.

ಇನ್ನು ಆಟ. ಬಾಲೇವಾಡಿ ದೊಡ್ಡ ಕ್ರೀಡಾ ಸಂಕೀರ್ಣ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ್ದು. ನಾನು ಕಮ್ಮಿ ದರದ ಟಿಕೆಟ್ ತೆಗೆದುಕೊಂಡು ಮೇಲೆ ಕೂತೆ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಡಕ್‌ವರ್ತ್ ಆಡಿದ, ಬೆಲಾರುಸ್‌ನ ಎಗೋರ್ ಗೆರಾಸಿಮೋವ್ ಎದುರು. ಮೇಲಿನಿಂದ ನೋಡಿದರೆ ಆಟದ ನಕ್ಷೆ ಚೆನ್ನಾಗಿ ಕಾಣುತ್ತದೆ. ಯಾವ ಮೂಲೆ ಖಾಲಿ, ಚೆಂಡು ಎಲ್ಲಿಗೆ ಹೋಗಬೇಕು ಅನ್ನೋದು ನಮಗೇ ಮೊದಲು ಹೊಳೆಯುತ್ತದೆ. ಆದರೆ ಆಟಗಾರ ಹೆಬ್ಬೆರಳಷ್ಟು. ಡಕ್‌ವರ್ತ್ ಸೋತ. ಸೋತಾಗ ಮುಖ ಹೇಗಿತ್ತು ಅಂತ ನನಗೆ ಕಾಣಲೇ ಇಲ್ಲ.

ಭಾನುವಾರದ ಫೈನಲ್ ಮಾತ್ರ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಚೆಕ್ ಆಟಗಾರ ಯಿರಿ ವೆಸೆಲಿ, ಎಡಗೈ ಸರ್ವ್. 7-6, 5-7, 6-3ರಲ್ಲಿ ಗೆರಾಸಿಮೋವ್‌ನನ್ನು ಸೋಲಿಸಿದ. ಇದು ಪುರುಷರ ವೃತ್ತಿಪರ ಟೆನಿಸ್‌ನ ಎಟಿಪಿ 250 ಮಟ್ಟದ ಟೂರ್ನಿ, ಗೆದ್ದವನಿಗೆ ವಿಶ್ವ ರ‍್ಯಾಂಕಿಂಗ್‌ನಲ್ಲಿ 250 ಅಂಕ. ಆಗ ಭಾರತದಲ್ಲಿ ಈ ಮಟ್ಟದ್ದು ಇದ್ದಿದ್ದು ಇದೊಂದೇ. 2017ರವರೆಗೆ ಚೆನ್ನೈನಲ್ಲಿತ್ತು, 2018ರಲ್ಲಿ ಪುಣೆಗೆ ಬಂತು. ಸರ್ವ್ ಬಿದ್ದ ಸದ್ದು ಮೇಲಿನ ಸಾಲಿಗೆ ಬರೋ ಹೊತ್ತಿಗೆ ಚೆಂಡು ಆಚೆ ದಾಟಿರುತ್ತಿತ್ತು.

ರಾತ್ರಿ ಬೈಪಾಸ್ ಪಕ್ಕ ಬ್ಯಾಗು ಹೊತ್ತು ನಿಂತೆ. ಲಾರಿಗಳ ಗಾಳಿ, ಧೂಳು. ದೂರದಿಂದ ಬಸ್ಸಿನ ಮೇಲೆ ಕನ್ನಡದಲ್ಲಿ 'ಹುಬ್ಬಳ್ಳಿ' ಅಂತ ಬೆಳಕಿನ ಅಕ್ಷರ ಕಂಡಾಗ ಆದ ಖುಷಿ ಇದೆಯಲ್ಲ, ಅದು ಫೈನಲ್‌ಗಿಂತ ಒಂದು ಗುಲಗಂಜಿ ಜಾಸ್ತಿಯೇ.

ಮರು ಶುಕ್ರವಾರ ಬೆಂಗಳೂರು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಸ್ಲೀಪರ್, ಮೇಲಿನ ಬರ್ತ್. ಬಸ್ಸಿಗಿಂತ ರೈಲು ಮೇಲು, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಾಲು ಚಾಚಬಹುದು, ದುಡ್ಡೂ ಕಮ್ಮಿ. ಹೋಗಿ ಬರೋಕೆ 610 ರೂಪಾಯಿ. ಪುಣೆಗೆ ಎರಡೂ ಬಸ್ ಸೇರಿ 1,220 ಆಗಿತ್ತು. ಭಾನುವಾರ ರಾತ್ರಿ ಖಾಸಗಿ ಬಸ್ಸಿನವರು ದರ ಏರಿಸಿರುತ್ತಾರೆ, ಗೊತ್ತೇ ಇದೆಯಲ್ಲ.

ಇಳಿದ ಮೇಲೂ ತೊಂದರೆ ಇಲ್ಲ. ರೈಲ್ವೆ ನಿಲ್ದಾಣದ ಪಕ್ಕವೇ ಮೆಟ್ರೋ. ಅಲ್ಲಿಂದ ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜ್, ವಿಧಾನಸೌಧ ದಾಟಿದರೆ ಕಬ್ಬನ್ ಪಾರ್ಕ್. ಟೆನಿಸ್ ಸ್ಟೇಡಿಯಂ ಪಾರ್ಕಿನೊಳಗೇ ಇದೆ. ಮರಗಳ ಕೆಳಗೆ ನಡೆದುಕೊಂಡು ಹೋಗೋದು. ಹುಬ್ಬಳ್ಳಿಯಲ್ಲಿ ರೈಲು ಹತ್ತಿದವನು ಆಟೋದವರ ಹತ್ತಿರ ಒಂದು ಮಾತೂ ಆಡದೆ ಕೋರ್ಟ್ ಮುಟ್ಟಬಹುದು.

ಮುಟ್ಟಬಹುದು ಅಂದೆ, ನಾನು ಮುಟ್ಟಲಿಲ್ಲ. ಯಾಕಂದರೆ ಬೆಂಗಳೂರಿನಲ್ಲಿ ನನ್ನ ಕಾಕಾ ಇದ್ದಾರೆ, ವಿಜಯನಗರದಲ್ಲಿ. ಅವರ ಮನೆ ಬಿಟ್ಟು ಬೇರೆ ಕಡೆ ಮಲಗಿದ ಸುದ್ದಿ ಅಪ್ಪನ ಕಿವಿಗೆ ಬಿದ್ದರೆ ಆಮೇಲೆ ಯಾವ ಟೂರ್ನಿಯೂ ಇಲ್ಲ. ಆದ್ದರಿಂದ ಪುಣೆಯ ಮಂಚದ ಎದುರು ಬೆಂಗಳೂರಿನ ಕಾಕಾನ ಮನೆಯನ್ನೇ ನಿಲ್ಲಿಸಿ ಹೋಲಿಸಬೇಕು.

ಪುಕ್ಕಟೆ ಅಂತ ಅಂದುಕೊಳ್ಳಬೇಡಿ. ಒಂದು ಕಿಲೋ ಧಾರವಾಡ ಪೇಡೆ, ಮಕ್ಕಳಿಗೆ ಚಾಕೊಲೇಟ್, ಕಾಕುಗೆ ಹೂವು, ಹಣ್ಣು. 540 ರೂಪಾಯಿ. ಪುಣೆಯ ಮಂಚ, ಬಿಸಿನೀರು ಎರಡೂ ಸೇರಿ 270. ಲೆಕ್ಕದಲ್ಲಿ ತಿಗಣೆಯೇ ಅಗ್ಗ. ಬಾಗಿಲು ತೆರೆದ ಕೂಡಲೇ ಕಾಕು ಕೇಳಿದ್ದು ಇದನ್ನು: "ಏನಪಾ, ಟೆನಿಸ್ ನೋಡಾಕ ಅಲ್ಲಿಂದ ಬಂದೀಯೇನ? ನಮ್ಮನ್ನ ನೋಡಾಕ ಅಲ್ಲೇನ?" ಇದಕ್ಕೆ ಏನು ಉತ್ತರ ಕೊಡ್ತೀರಿ? ಕೂತೆ. ಉಪ್ಪಿಟ್ಟು ಬಂತು, ಮೇಲೆ ಮೊಸರು, ಆಮೇಲೆ ಚಹಾ, ಆಮೇಲೆ ಮದುವೆ ಆಲ್ಬಂ. ನಾನು ಸ್ಟೇಡಿಯಂ ಸೇರೋ ಹೊತ್ತಿಗೆ ಮೊದಲ ಸೆಮಿಫೈನಲ್ ಅರ್ಧ ಮುಗಿದಿತ್ತು. ಈ ಸಲ ರೊಟ್ಟಿಯನ್ನು ಎರಡು ಸ್ಟೀಲ್ ತಾಟಿನ ನಡುವೆ ಇಟ್ಟು, ಟವೆಲ್ಲಿನಲ್ಲಿ ಬಿಗಿದು ಕಟ್ಟಿಕೊಂಡು ಹೋಗಿದ್ದೆ. ಒಂದೂ ಮುರಿದಿರಲಿಲ್ಲ. ಕಾಕು ಬಿಚ್ಚೋಕೆ ಬಿಟ್ಟರೆ ತಾನೇ. ಇಪ್ಪತ್ತಕ್ಕೆ ಇಪ್ಪತ್ತೂ ಹುಬ್ಬಳ್ಳಿಗೆ ವಾಪಸ್ ಬಂದವು.

ಕಾಕಾನ ಮಗ ಪಾಸ್ ತಂದುಕೊಟ್ಟಿದ್ದ. ಆದ್ದರಿಂದ ಎರಡೂ ಕಡೆಯ ಟಿಕೆಟ್ ಖರ್ಚು ಬಿಟ್ಟೇ ಲೆಕ್ಕ ಹೇಳುತ್ತೇನೆ: ಪುಣೆಗೆ 2,020, ಬೆಂಗಳೂರಿಗೆ ಚಿಲ್ಲರೆ ಖರ್ಚೂ ಸೇರಿ 1,430. ಇದರಲ್ಲಿ ಪುಣೆಯ 240 ನನ್ನ ದಡ್ಡತನದ್ದು.

ಬೆಂಗಳೂರು ಓಪನ್ ಚಾಲೆಂಜರ್ ಟೂರ್ನಿ, ಒಂದು ಮೆಟ್ಟಿಲು ಕೆಳಗಿನದು. ಆದರೆ ಸ್ಟೇಡಿಯಂ ಚಿಕ್ಕದು, ಕೋರ್ಟ್ ಕಣ್ಣೆದುರೇ. ಅದೇ ಡಕ್‌ವರ್ತ್ ಇಲ್ಲೂ ಇದ್ದ. ನಾನು ಹುಬ್ಬಳ್ಳಿಗೆ ಬಂದು ಐದು ದಿನ ಕೆಲಸ ಮಾಡುವಷ್ಟರಲ್ಲಿ ಅವನು ನಮ್ಮ ಊರು ದಾಟಿ ಇಲ್ಲಿಗೆ ಬಂದು ಆಡಲು ಶುರು ಮಾಡಿದ್ದ. ಈ ಸಲ ಹತ್ತಿರದಿಂದ ನೋಡಿದೆ. ಪ್ರತಿ ಪಾಯಿಂಟ್ ಆದ ಮೇಲೆ ಟವೆಲ್, ಆಮೇಲೆ ರಾಕೆಟ್ಟಿನ ತಂತಿಗಳನ್ನು ಬೆರಳಲ್ಲಿ ಸರಿ ಮಾಡೋದು, ಬೂಟು ನೆಲಕ್ಕೆ ಉಜ್ಜಿದ ಕಿರ್ ಸದ್ದು. ಭಾನುವಾರ ಫ್ರಾನ್ಸಿನ ಬೆಂಜಮಿನ್ ಬೊನ್ಜಿಯನ್ನು 6-4, 6-4ರಲ್ಲಿ ಸೋಲಿಸಿ ಕಪ್ ಎತ್ತಿದ. ಹಿಂದಿನ ವಾರ ಕಾಣದೆ ಹೋದ ಮುಖ ಈ ವಾರ ಪೂರ್ತಿ ಕಂಡಿತು.

ಆದರೂ ನಾನು ನೆನಪಿಟ್ಟುಕೊಂಡಿರೋದು ಶನಿವಾರದ ಡಬಲ್ಸ್ ಫೈನಲ್. ಲಿಯಾಂಡರ್ ಪೇಸ್‌ಗೆ ಆಗ 46 ವರ್ಷ, ಭಾರತದಲ್ಲಿ ಅವರ ಕೊನೆಯ ಟೂರ್ನಿ ಅಂತ ಮೊದಲೇ ಹೇಳಿದ್ದರು. ಜೊತೆಗೆ ಮ್ಯಾಥ್ಯೂ ಎಬ್ಡೆನ್. ಎದುರಿಗೆ ನಮ್ಮವರೇ, ಪುರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್. ಮೊದಲ ಸೆಟ್ 6-0. ಪೇಸ್ ಜೋಡಿಗೆ ಸೊನ್ನೆ! ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು, ಸ್ಕೋರ್‌ಬೋರ್ಡ್ ತಪ್ಪು ತೋರಿಸುತ್ತಿದೆಯೇನೋ ಅನ್ನೋ ಹಾಗೆ. ಎರಡನೇ ಸೆಟ್ಟಿನಲ್ಲಿ ಪೇಸ್ ನೆಟ್ ಹತ್ತಿರ, ಚೆಂಡು ನೆಲ ಮುಟ್ಟುವ ಮೊದಲೇ, ಒಂದು ವಾಲಿ ಹೊಡೆದರು, ಮಣಿಕಟ್ಟು ಅಲ್ಲಾಡಿದ್ದೇ ಕಾಣಲಿಲ್ಲ, ಚೆಂಡು ಮೆತ್ತಗೆ ಆಚೆ ಬಿದ್ದು ಸತ್ತಿತು. ಸುತ್ತಲಿದ್ದವರೆಲ್ಲ ಎದ್ದು ನಿಂತರು. ಆದರೂ 6-3ಕ್ಕೆ ಪೇಸ್ ಜೋಡಿ ಸೋತಿತು. ಮುಗಿಯಿತು.

ಹಾಗಾದರೆ ಯಾವುದು ಚೆನ್ನಾಗಿತ್ತು ಅಂತ ಈಗಲೂ ಕೇಳುತ್ತಾರೆ. ಟೆನಿಸ್ ಕಣ್ತುಂಬ ನೋಡಬೇಕಾ, ಬೆಂಗಳೂರು. ಬ್ಯಾಗು ಹೊತ್ತು ಊರು ಸುತ್ತಿದ ಹಾಗೆ ಅನ್ನಿಸಬೇಕಾ, ಪುಣೆ. ನೆಂಟರಿರೋ ಊರಿಗೆ ಬ್ಯಾಗು ಹೊತ್ತು ಹೋದರೆ ಅದು ಪ್ರವಾಸ ಆಗಲ್ಲ, ಸುಮ್ನೆ ನೆಂಟಸ್ತನ ಆಗುತ್ತೆ. ಆದರೆ ಪುಣೆಯ ಆ ಟೂರ್ನಿ 2023ರ ಜನವರಿಯಲ್ಲಿ ಕೊನೆಯ ಸಲ ನಡೆದು ನಿಂತುಹೋಯಿತು. ಬೈಪಾಸಿನಲ್ಲಿ ಇಳಿಯೋ ನನ್ನ ಜಾಣತನ ಉಪಯೋಗಕ್ಕೆ ಬರಲೇ ಇಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ನೋಡಿ, ಧಾರವಾಡಕ್ಕೇ ಬಂತು ಟೆನಿಸ್. 25 ಸಾವಿರ ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಪುರುಷರ ಟೂರ್ನಿ, ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಕೋರ್ಟಿನಲ್ಲಿ. ಮೂಲೆಯಲ್ಲಿದ್ದ ಬ್ಯಾಗನ್ನು ಅಭ್ಯಾಸಬಲದಿಂದ ಕೊಡವಿ ಹೊರಗಿಟ್ಟೆ. ಅವ್ವ ಅಡುಗೆಮನೆಯಿಂದ ಇಣುಕಿದರು.

"ರೊಟ್ಟಿ ಕಟ್ಟಲೇನೋ?"

"ಬ್ಯಾಡವ್ವಾ, ಚಿಗರಿ ಬಸ್ಸಿಗೆ ಹೊಂಟೇನಿ. ಮಧ್ಯಾಹ್ನ ಊಟಕ್ಕ ಬರತೇನಿ."