ಹೃದಯ ವೈಫಲ್ಯ ಕ್ಲಿನಿಕ್: ತಂದೆಗೆ ಒದಗಿದ್ದು ತಾಯಿಗೆ ಒದಗಲಿಲ್ಲ

ನಮ್ಮ ಊರಿನ ಖಾಸಗಿ ಆಸ್ಪತ್ರೆಯೊಂದರ ಹೃದಯ ವೈಫಲ್ಯ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಒದಗಿಸಲಾಗದ ಸ್ಥಿತಿ) ಕ್ಲಿನಿಕ್‌ನಲ್ಲಿ ಮೊದಲು ತಂದೆಯವರೂ ಎರಡು ವರ್ಷಗಳ ನಂತರ ತಾಯಿಯವರೂ ಚಿಕಿತ್ಸೆ ಪಡೆದರು. ದಿನವೂ ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಬೇಕು, ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ದೇಹದಲ್ಲಿ ನೀರು ಸೇರುತ್ತಿರುವ ಸೂಚನೆ, ತಕ್ಷಣ ಫೋನ್ ಮಾಡಬೇಕು ಎಂದು ಅಲ್ಲಿನ ನರ್ಸ್‌ಗಳು ತಾಳ್ಮೆಯಿಂದ ಕಲಿಸಿದ್ದರಿಂದ ತಂದೆಯವರು ಮತ್ತೆ ಆಸ್ಪತ್ರೆ ಸೇರಬೇಕಾಗಲಿಲ್ಲ; ಅದಕ್ಕಾಗಿ ನಾನು ಅವರಿಗೆ ಋಣಿ. ಆದರೆ ಆ ತೂಕವನ್ನು ಕ್ಯಾಲೆಂಡರಿನ ಅಂಚಿನಲ್ಲಿ ತಪ್ಪದೆ ಬರೆಯುತ್ತಿದ್ದವರು ತಾಯಿ. ಅವರದೇ ಸರದಿ ಬಂದಾಗ, ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ. ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಹೊರದೂಡುವ ಪ್ರಮಾಣ ಶೇ. 50ಕ್ಕಿಂತ ಹೆಚ್ಚಿದ್ದು ಸಹಜವೆನಿಸಿದರೂ ವೈಫಲ್ಯ ಉಂಟಾಗಬಹುದು, ಮಹಿಳೆಯರಲ್ಲಿ ಈ ಬಗೆಯೇ ಹೆಚ್ಚು. ಹಾಗಿದ್ದೂ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಈ ಪ್ರಮಾಣ ಶೇ. 55 ಎಂದಿದ್ದುದನ್ನು ನೋಡಿ ಅವರ ಸುಸ್ತನ್ನು ವಯಸ್ಸಿನ ತಲೆಗೆ ಕಟ್ಟಿದರು. ಮನೆಗೆ ಮರಳಿದ ಹತ್ತೊಂಬತ್ತನೆಯ ದಿನ ಪಾದಗಳು ಊದಿಕೊಂಡು ತಾಯಿ ಮತ್ತೆ ದಾಖಲಾದರು.